ಎಡಬಾಗಿಲಿನ ರಬ್ಬರ್ ಪಟ್ಟಿಯ ವಿಚಾರವಾಗಿ ಮದರಾಸಿನ ಮ್ಯಾನೇಜರ್ ಸಾಹೇಬರಿಗೆ

ಗುಂಡ್ಲುಪೇಟೆ,
ಮಂಗಳವಾರ, 12ನೇ ಅಕ್ಟೋಬರ್ 1954

ಮೋಟಾರುಗಳ ರಬ್ಬರ್ ಸಾಮಾನುಗಳನ್ನು ಮಾದರಿ ನೋಡಿ ಅಚ್ಚು ಹಾಕಿಕೊಡುವ ಮದರಾಸಿನ ಕಂಪನಿಯ ಮ್ಯಾನೇಜರ್ ಸಾಹೇಬರ ಸನ್ನಿಧಿಗೆ,

ಮಾನ್ಯರೇ,

ಗುಂಡ್ಲುಪೇಟೆಯ ಅರಿಸಿನದ ವ್ಯಾಪಾರಿ ಶಂಭುಲಿಂಗಪ್ಪನು ಎರಡು ಕೈಗಳನ್ನೂ ಜೋಡಿಸಿ ಮಾಡುವ ನಮಸ್ಕಾರಗಳು. ತಾವೂ, ತಮ್ಮ ಗುಮಾಸ್ತರೂ, ತಮ್ಮ ಅಚ್ಚುಗಳೂ ಕುಶಲವೆಂದು ನಂಬಿದ್ದೇನೆ. ಇಲ್ಲಿ ನಾವು ಕುಶಲ. ನಮ್ಮ ಕಾರಿನ ಬಲಗಡೆಯಂತೂ ತಮ್ಮ ದಯದಿಂದ ಬಹಳವೇ ಕುಶಲ. ಎಡಗಡೆಯ ಸಲುವಾಗಿ ಈ ಪತ್ರ.

ಇದುವರೆಗೆ ತಮಗೆ ನಾಲ್ಕು ಪತ್ರಗಳನ್ನು ಖಾಸಗಿಯಾಗಿ ಬರೆದಿದ್ದೇನೆ, ನಾಲ್ಕಕ್ಕೂ ತಾವು ತಪ್ಪದೆ ಇಂಗ್ಲಿಷಿನಲ್ಲಿ ಉತ್ತರ ದಯಪಾಲಿಸಿದ್ದೀರಿ. ಲೋಯರ್ ಸೆಕೆಂಡರಿಗೆ ಓದು ನಿಲ್ಲಿಸಿದ ನನಗೆ ತಮ್ಮ ಇಂಗ್ಲಿಷು ಪೂರ್ತಿ ಹತ್ತುವುದಿಲ್ಲವಾದ ಕಾರಣ, ಮಿಡ್ಲ್ ಸ್ಕೂಲಿನ ಹೆಡ್‌ಮಾಸ್ತರು ಗುರುಪಾದಸ್ವಾಮಿಯವರು ಪ್ರತಿ ಸಲವೂ ನಮ್ಮ ಅಂಗಡಿಯ ಜಗಲಿಯ ಮೇಲೆ ಕುಳಿತು, ಪಾಠ ಹೇಳುವ ಗಂಟಲಿನಲ್ಲೇ ಅದನ್ನು ಓದಿ ಅರ್ಥ ಬಿಡಿಸಿದ್ದಾರೆ. ಅರಿಸಿನ ತಂದ ರೈತರೂ ಟೀ ಕುಡಿಯಲು ನಿಂತ ಲಾರಿಯವರೂ ಕೇಳಿ ತಲೆದೂಗಿದ್ದಾರೆ. ಹೀಗೆ ನಮ್ಮಿಬ್ಬರ ವ್ಯವಹಾರ ಊರಿನ ಮಟ್ಟಿಗೆ ಆಗಲೇ ಬಹಿರಂಗವಾಗಿರುವುದರಿಂದ, ಈ ಐದನೆಯ ಪತ್ರದ ಒಂದು ಪ್ರತಿಯನ್ನು ಪತ್ರಿಕೆಯವರಿಗೂ ಕೊಟ್ಟಿದ್ದೇನೆ. ತಮ್ಮ ಕಂಪನಿಯ ಹೆಸರನ್ನು ಮಾತ್ರ ಎಲ್ಲಿಯೂ ಬರೆದಿಲ್ಲ. ಅಷ್ಟು ಮರ್ಯಾದೆ ನಮ್ಮ ತಾಲ್ಲೂಕಿನಲ್ಲಿ ಇನ್ನೂ ಉಳಿದಿದೆ.

ಪತ್ರಿಕೆ ಓದುವವರಿಗೂ ತಿಳಿಯಲೆಂದು ವಿಷಯವನ್ನು ಮೊದಲಿನಿಂದ ಅರಿಕೆ ಮಾಡಿಕೊಳ್ಳುತ್ತೇನೆ. ನನ್ನ ಹತ್ತಿರ ಬಟ್ಟೆಯ ಮಾಡು ಇರುವ ಒಂದು ಹಳೆಯ ಕಾರಿದೆ. ನೀಲಗಿರಿಯ ಟೀ ತೋಟದ ದೊರೆಯೊಬ್ಬರು 1947ರಲ್ಲಿ ತಮ್ಮ ದೇಶಕ್ಕೆ ಹೊರಟಾಗ ಅದು ನಮ್ಮ ಊರಿನಲ್ಲಿ ಕೆಟ್ಟು ನಿಂತಿತು. ಹಡಗು ತಪ್ಪೀತೆಂಬ ಆತುರದಲ್ಲಿ ಅವರು ಅದನ್ನು ನನಗೆ ಮಾರಿ ಬಸ್ಸು ಹತ್ತಿದರು. ಬಿಸಿಲು ಹಿತವಾಗಿದ್ದಾಗ ಮಾಡನ್ನು ಹಿಂದಕ್ಕೆ ಮಡಿಸಬಹುದು, ಮಳೆ ಬಂದಾಗ ಮುಂದಕ್ಕೆಳೆದು ಕೊಕ್ಕೆ ಹಾಕಬೇಕು. ಊರಿನವರು ಇದನ್ನು ಛತ್ರಿ ಕಾರು ಎನ್ನುತ್ತಾರೆ. ಛತ್ರಿಗೂ ಇದಕ್ಕೂ ಇರುವ ವ್ಯತ್ಯಾಸವೆಂದರೆ ಛತ್ರಿಯ ಒಳಗೆ ಮಳೆ ಬರುವುದಿಲ್ಲ. ಬಾಗಿಲಿನ ಗಾಜು ಮೇಲೇರಿ ಬಟ್ಟೆಯ ಮಾಡನ್ನು ಮುಟ್ಟುವ ಕಡೆ ಉದ್ದಕ್ಕೂ ಒಂದು ರಬ್ಬರ್ ಪಟ್ಟಿ ಇದೆ. ಅದರ ಹೊರ ಅಂಚಿನಲ್ಲಿ ತೆಳ್ಳನೆಯ ತುಟಿಯಂಥದೊಂದು ಇದ್ದು, ಅದು ಗಾಜನ್ನು ಅಪ್ಪಿ ಹಿಡಿದರೆ ಗಾಳಿ, ನೀರು ಎರಡೂ ಹೊರಗೇ ನಿಲ್ಲುತ್ತವೆ. ನಮ್ಮ ಕಾರಿನ ಎರಡು ಬಾಗಿಲುಗಳ ಪಟ್ಟಿಗಳೂ ಹಾಳಾಗಿದ್ದವು.

ಈ ವರ್ಷವೇ ಇದನ್ನು ಸರಿಪಡಿಸುವ ಅಗತ್ಯ ಏಕೆ ಬಂತೆಂದು ತಾವು ಎರಡನೆಯ ಪತ್ರದಲ್ಲಿ ಕೇಳಿದ್ದಿರಿ. ನನ್ನ ಮಗಳು ಗುರುಸಿದ್ದಮ್ಮನಿಗೆ ಆಷಾಢದಲ್ಲಿ ಹೆಣ್ಣು ಮಗುವಾಯಿತು. ಬಾಣಂತನ ತವರಿನಲ್ಲಿ ಆಗಬೇಕಿತ್ತು. ಅದನ್ನು ಮಾಡಬೇಕಾಗಿದ್ದ ನನ್ನಾಕೆ ಚಿಕ್ಕಮಲ್ಲಮ್ಮ ಹೋದ ವರ್ಷ ಶ್ರಾವಣದಲ್ಲಿ ಶಿವನ ಪಾದ ಸೇರಿದ್ದರಿಂದ, ಅವಳ ತಂಗಿ ಕರಿಬಸಮ್ಮ ಮಗಳನ್ನು ಚಾಮರಾಜನಗರದ ತನ್ನ ಮನೆಗೇ ಕರೆಸಿಕೊಂಡಳು. ಈಗ ಮೂರು ತಿಂಗಳು ತುಂಬಿದೆ. ತೊಟ್ಟಿಲಿಗೆ ಹಾಕುವ ಶಾಸ್ತ್ರವಾದರೂ ತಾಯಿ ಓಡಾಡಿದ ಮನೆಯಲ್ಲಿ ಆಗಲೆಂದು ಮಗಳ ಆಸೆ, ನನ್ನದೂ. ಕಾರ್ತಿಕ ಮುಗಿಯುತ್ತಿದ್ದಂತೆ ಅಳಿಯಂದಿರು ಬಂದು ತಾಯಿಮಗುವನ್ನು ಭೀಮನಬೀಡಿಗೆ ಕರೆದುಕೊಂಡು ಹೋಗುತ್ತಾರೆ; ಆಮೇಲೆ ನಮ್ಮ ಮನೆಯಲ್ಲಿ ತೊಟ್ಟಿಲು ಕಟ್ಟಿ ಪ್ರಯೋಜನವಿಲ್ಲ. ನಮಗೂ ಮಗುವಿಗೂ ನಡುವೆ ಇರುವುದು ತೆರಕಣಾಂಬಿ ಮಾರ್ಗವಾಗಿ ಇಪ್ಪತ್ತೆರಡು ಮೈಲಿ ರಸ್ತೆ, ಮತ್ತು ಕರಿಬಸಮ್ಮ. ರಸ್ತೆ ಪರವಾಗಿಲ್ಲ.

ಕರೆತರಲೆಂದು ನಾನು ಮೊದಲ ಸಲ ಕಾರು ತೆಗೆದುಕೊಂಡು ಹೋದಾಗ ಕರಿಬಸಮ್ಮ ಅದನ್ನು ಊರಾಚೆಯವರೆಗೂ ಓಡಿಸಿ ತೋರಿಸಬೇಕೆಂದಳು. ತೋರಿಸಿದೆ. ಅವಳು ಎಡಗಡೆ ಕುಳಿತು, ಕಿವಿಯ ಪಕ್ಕಕ್ಕೆ ಅಂಗೈ ಹಿಡಿದು ಗಾಳಿಯನ್ನು ಅಳೆದಳು. "ಭಾವ, ಇದೇನ್ ಕಾರಾ, ಕೊಳಲಾ? ಊದೋರೇ ಇಲ್ದೆ ಸಿಳ್ಳೆ ಒಡೀತದಲ್ಲಾ! ಬಾಣ್ತಿ ಕಿವಿಗೆ ಅತ್ತಿ ಇಟ್ಟು, ತಲೆಗೆ ಬಟ್ಟೆ ಕಟ್ಟಿ ಇಷ್ಟ್ ದಿನ ಕಾಪಾಡಿವ್ನಿ. ನಿಮ್ ಕಾರಲ್ಲಿ ಒಂದ್ ಗಳ್ಗೇಲಿ ಶೀತ ಮಾಡ್ಸಾಕಾ? ಮೊದ್ಲು ಈ ಕಂಡಿ ಮುಚ್ಚಿಸ್ಕಂಡು ಬನ್ನಿ, ಆಮೇಲೆ ಕೂಸ್ನ ಕೇಳಿ" ಎಂದಳು. ನಾನು ಬಸ್ಸಿನ ಮಾತೆತ್ತಿದೆ. "ಬಸ್ಸಿಗೆ ಗಾಜೇ ಇಲ್ಲ, ಗೋಣಿತಾಟು ಇಳಿಬುಟ್ಟವ್ರೆ. ಅರ್ಧ ತಾಲ್ಲೂಕು ಕೂಸ್ನ ಕಣ್ಣಾಕಿ ನೋಡ್ಲಿ ಅಂತಾನಾ?" ಎಂದಳು. ಎತ್ತಿನಗಾಡಿಯ ಮಾತನ್ನು ನಾನು ಎತ್ತಲಿಲ್ಲ.

ತಮ್ಮಂಥ ತಜ್ಞರಿಗೆ ತೊಂದರೆ ಕೊಡುವುದೇಕೆಂದು ಮೊದಲು ಸ್ಥಳೀಯ ಪ್ರಯತ್ನಗಳನ್ನೇ ಮಾಡಿದೆವು. ಬಸ್ ನಿಲ್ದಾಣದ ಎದುರಿಗೆ ಲಾರಿಗಳನ್ನು ರಿಪೇರಿ ಮಾಡುವ ಪುಟ್ಟಮಾದು ಸೈಕಲ್ ಟ್ಯೂಬನ್ನು ಸೀಳಿ ಬಲಗಡೆಯ ಅಂಚಿಗೆ ಅಂಟಿಸಿದ. ಗಾಜು ಮೇಲೇರಿತು, ಎರಡು ದಿನ ಇಳಿಯಲಿಲ್ಲ. ಕೈ ಹೊರಗೆ ಚಾಚಿ ಸನ್ನೆ ಮಾಡಲು ದಾರಿಯಿಲ್ಲದೆ, ಪ್ರತಿ ತಿರುವಿನಲ್ಲೂ ಕಾರು ನಿಲ್ಲಿಸಿ, ಇಳಿದು ಹೋಗಿ, ನಾನು ಯಾವ ಕಡೆಗೆ ತಿರುಗುವವನಿದ್ದೇನೆಂದು ಹಿಂದಿನ ಗಾಡಿಯವರಿಗೆ ಬಾಯಲ್ಲೇ ಹೇಳಿ ಬರುತ್ತಿದ್ದೆ. ಅವರೂ ಬಹಳ ಸೌಜನ್ಯದಿಂದ ಬೈದರು. ಆಮೇಲೆ ಬಟ್ಟೆಗೆ ಜೇನುಮೇಣ ಸವರಿ ತುರುಕಿದೆವು; ಹನ್ನೊಂದು ಗಂಟೆಯ ಬಿಸಿಲಿಗೆ ಅದು ಕರಗಿ ನನ್ನ ಹೆಗಲ ಮೇಲೆ ಇಳಿಯಿತು. ಆ ಅಂಗಿಯೊಳಗೆ ಈಗ ಒಂದು ಹನಿ ನೀರೂ ಹೋಗುವುದಿಲ್ಲ.

ಇಂಥ ಹೊತ್ತಿನಲ್ಲಿ ತಮ್ಮ ಜಾಹೀರಾತು ಕಣ್ಣಿಗೆ ಬಿತ್ತು. ಎಷ್ಟೇ ಹಳೆಯ ಕಾರಿನ ಯಾವುದೇ ರಬ್ಬರಾಗಲಿ, ಮಾದರಿ ಕಳುಹಿಸಿದರೆ ಯಥಾವತ್ತಾಗಿ ಮಾಡಿಕೊಡುವುದಾಗಿ ತಾವು ಅದರಲ್ಲಿ ಮಾತು ಕೊಟ್ಟಿದ್ದಿರಿ. ನನಗೆ ಆಶ್ಚರ್ಯವೂ ಹೆಮ್ಮೆಯೂ ಆಯಿತು. ಮಲಬಾರಿನ ರಬ್ಬರ್ ಹಾಳೆಗಳು ಲಾರಿಯೇರಿ ನಮ್ಮ ಅಂಗಡಿಯ ಮುಂದೆಯೇ ಹಾದುಹೋಗುತ್ತವೆ. ಕಣ್ಣೆದುರಿಗೆ ಹೋದ ಸರಕು ಮದರಾಸಿನಲ್ಲಿ ವಿದ್ಯೆ ಕಲಿತು, ರೈಲು ಹತ್ತಿ, ಚಾಮರಾಜನಗರದ ಸ್ಟೇಷನ್ನಿಗೆ ನಮ್ಮ ಹೆಸರು ಹೊತ್ತು ಬರುವುದೆಂದರೆ ಸಾಮಾನ್ಯವೇ? ಒಂದು ಮಾದರಿ ಕಳುಹಿಸಿ, ಒಂದು ಜೊತೆ ಪಟ್ಟಿ ಬೇಕೆಂದು ಬರೆದೆ. ಆಗಸ್ಟ್ 21, ಶನಿವಾರದ ನನ್ನ ದಿನಚರಿಯಲ್ಲಿ ಹೀಗಿದೆ: "ಪಾರ್ಸೆಲು ಬಂತು. ಎರಡೂ ಬಲ."

ಮಾನ್ಯರೇ, ತಮ್ಮ ಕೆಲಸದ ಅಂದವನ್ನು ನಾನು ಹೊಗಳಲೇಬೇಕು. ಒಂದಕ್ಕೊಂದು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ವ್ಯತ್ಯಾಸವಿದ್ದಿದ್ದರೆ ಒಂದಾದರೂ ಎಡಕ್ಕೆ ಆಗುತ್ತಿತ್ತು. ಪಟ್ಟಿಯ ಮುಂದಿನ ತುದಿಗೆ ಒಂದು ಬಾಗು ಇರುವುದರಿಂದ, ಬಲಗಾಲಿನ ಮೆಟ್ಟು ಎಡಗಾಲಿಗೆ ಹೇಗೋ ಇದೂ ಹಾಗೆಯೇ. ಎಡಬಾಗಿಲಿನಲ್ಲಿ ಬಾಗನ್ನು ಮುಂದಕ್ಕೆ ಕೂರಿಸಿದರೆ ತುಟಿ ಕಾರಿನ ಒಳಮುಖಕ್ಕೆ ತಿರುಗಿ ನಿಲ್ಲುತ್ತದೆ. ಪುಟ್ಟಮಾದು ಹಟದಿಂದ ಕೂರಿಸಿಯೇಬಿಟ್ಟ. ಅಂದು ತೆರಕಣಾಂಬಿ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಮಳೆ ಹಿಡಿಯಿತು. ಮೊದಲಾದರೆ ನೀರು ತನಗೆ ತೋಚಿದ ಕಡೆ ತೊಟ್ಟಿಕ್ಕುತ್ತಿತ್ತು. ತಮ್ಮ ಪಟ್ಟಿ ಬಂದ ಮೇಲೆ ಮಾಡಿನ ನೀರನ್ನೆಲ್ಲ ಒಟ್ಟುಗೂಡಿಸಿ, ಸೂರಿನ ತಗಡಿನ ದೋಣಿಯಲ್ಲಿ ಹರಿಸಿದಂತೆ ತಂದು, ಎಡಗಡೆ ಕುಳಿತವರ ತೊಡೆಯ ಮೇಲೆ ಸುರಿಯುವ ಏರ್ಪಾಡಾಯಿತು. ಅಲ್ಲಿ ಕುಳಿತಿದ್ದವರು ಹೆಡ್‌ಮಾಸ್ತರು. ಆ ದಿನದಿಂದ ತಮ್ಮ ಪತ್ರಗಳನ್ನು ಅವರು ಓದುವ ಗಂಟಲು ಇನ್ನೂ ಎತ್ತರವಾಗಿದೆ.

ಇನ್ನು ನ್ಯಾಯದ ಮಾತು ಹೇಳಿಬಿಡುತ್ತೇನೆ. ಇದರಲ್ಲಿ ತಮ್ಮ ತಪ್ಪು ಬಹಳ ಕಡಿಮೆ. ಎರಡು ಬೇರೆ ಬೇರೆ ಮಾದರಿ ಕಳುಹಿಸಬೇಕಾದ ಕಡೆ ನಾನು ಬಲಗಡೆಯದನ್ನು ಮಾತ್ರ ಕಳುಹಿಸಿ, ಎಡಗಡೆಯದನ್ನು ತಾವು ಊಹಿಸಿಕೊಳ್ಳುತ್ತೀರೆಂದು ಸುಮ್ಮನಿದ್ದೆ. ಅದಕ್ಕೆ ತಾವು, ಎಡಗಡೆಯ ಹಳೆಯ ಪಟ್ಟಿಯನ್ನು ತುಂಡು ಮಾಡದೆ ಇಡಿಯಾಗಿ ಕಳುಹಿಸಬೇಕೆಂದೂ, ಅಚ್ಚು ತೆಗೆಯಲು ಅದನ್ನು ಅಲ್ಲಲ್ಲಿ ಕತ್ತರಿಸಬೇಕಾಗುವುದರಿಂದ ಹಿಂದಕ್ಕೆ ಕೇಳಬಾರದೆಂದೂ ಬರೆದಿರಿ. ಆ ಪಟ್ಟಿಯನ್ನು ನಾನು ಕಳುಹಿಸದೆ ಆರು ವಾರಗಳಾದವು. ಪಾರ್ಸೆಲಿಗೆ ಸರಿಯಾದ ಪೆಟ್ಟಿಗೆ ಸಿಕ್ಕಿಲ್ಲವೆಂದು ಮೂರನೆಯ ಪತ್ರದಲ್ಲಿ ಬರೆದದ್ದು ನಿಜವಲ್ಲ. ನಮ್ಮದು ಅರಿಸಿನದ ಅಂಗಡಿ, ಪೆಟ್ಟಿಗೆಗಳಿಗೆ ಬರವಿಲ್ಲ.

ಹಳೆಯ ಪಟ್ಟಿಗಳನ್ನು ಬಿಚ್ಚುವಾಗ ಪುಟ್ಟಮಾದು ಎಡಗಡೆಯದನ್ನು ಬಿಸಿಲಿಗೆ ಹಿಡಿದು, "ಯಜಮಾನ್ರೆ, ಇಲ್ನೋಡಿ, ಯಾರೋ ಉದ್ದಕ್ಕೂ ಎಬ್ಬೆಟ್ಟು ಒತ್ತವ್ರೆ ಕಣ್ರೀ. ಕ್ರಯಪತ್ರಕ್ಕೆ ಒತ್ದಂಗೆ!" ಎಂದ. ನೋಡಿದೆ. ಹತ್ತೊಂಬತ್ತು ಗುರುತುಗಳಿದ್ದವು. ನನ್ನಾಕೆ ಎಡಗಡೆ ಕೂರುತ್ತಿದ್ದಳು. ಚಂದಕವಾಡಿಯ ತನ್ನ ತವರಿಗೆ ಹೋಗುವಾಗ ಬರುವಾಗ ಮಳೆ ಬಂದರೆ, ಜಾರಿದ ಪಟ್ಟಿಯನ್ನು ಹೆಬ್ಬೆರಳಿನಿಂದ ಮೇಲಕ್ಕೆ ಒತ್ತಿ, ಮಳೆ ನಿಲ್ಲುವ ತನಕ ಹಾಗೆಯೇ ಹಿಡಿದಿರುತ್ತಿದ್ದಳು. ಅವಳಿಗೆ ಓದುಬರಹ ಬರುತ್ತಿರಲಿಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಒಂದೇ ಒಂದು ಸಲ ಹೆಬ್ಬೆಟ್ಟು ಒತ್ತಿದ್ದಳು, ಅದೂ ಕಲೆಸಿಹೋಗಿತ್ತು. ಇಲ್ಲಿರುವವು ಬಹಳ ಸ್ಪಷ್ಟವಾಗಿವೆ.

ರಬ್ಬರಿನಲ್ಲಿ ಬೆರಳು ಹೀಗೆ ಮೂಡಲು ಏನು ಕಾರಣವೆಂಬುದನ್ನೂ ತಾವೇ ತಿಳಿಸಿಕೊಟ್ಟಿರಿ. ನಾನು ಕಳುಹಿಸಿದ ಬಲಗಡೆಯ ಮಾದರಿಗೆ ವರ್ಷಗಟ್ಟಲೆ ಯಾವುದೋ ಎಣ್ಣೆ ಹಚ್ಚಲಾಗಿದೆ, ಎಣ್ಣೆ ತಾಗಿದರೆ ರಬ್ಬರು ಉಬ್ಬಿ ಮೆತ್ತಗಾಗುತ್ತದೆ, ಈ ಅನಾಗರಿಕ ಪದ್ಧತಿಯನ್ನು ಕೂಡಲೇ ನಿಲ್ಲಿಸತಕ್ಕದ್ದು ಎಂದು ತಮ್ಮ ಎರಡನೆಯ ಪತ್ರದಲ್ಲಿತ್ತು. ಹೆಡ್‌ಮಾಸ್ತರು 'ಅನಾಗರಿಕ' ಎಂಬಲ್ಲಿ ಸ್ವಲ್ಪ ತಡೆದು ಓದಿದರು. ಎಣ್ಣೆ ಹಚ್ಚಿದ್ದು ನಿಜ. ನಮ್ಮ ಮನೆಯಲ್ಲಿ ಹೆಂಗಸರಿಗೆ ಶುಕ್ರವಾರ, ಗಂಡಸರಿಗೆ ಶನಿವಾರ ಎಣ್ಣೆಸ್ನಾನ. ನನ್ನಾಕೆ ಕಾರನ್ನು ಗಂಡಸರ ಜೊತೆಗೆ ಸೇರಿಸಿದ್ದಳು. ನನ್ನ ನೆತ್ತಿಗೆ ಒತ್ತಿ ಮಿಕ್ಕ ಹರಳೆಣ್ಣೆಯನ್ನು ತೆಗೆದುಕೊಂಡು ಹೋಗಿ, ಒಣಗಿ ಬಿರುಕು ಬಿಡದಿರಲೆಂದು ಪಟ್ಟಿಗಳಿಗೆ ಸವರುತ್ತಿದ್ದಳು. ಹಾಗೆ ಸವರುವಾಗಲೆಲ್ಲ, "ನನ್ ಕಡೆ ನೀರ್ ತೊಟ್ಟಿಕ್ತದೆ, ಬೇರೆ ರಬ್ಬರ್ ಆಕ್ಸಿ ಅಂತ ಆರ್ ವರ್ಸದಿಂದ ಬಡ್ಕತಾ ಇವ್ನಿ. ನಿಮ್ ಕಿವೀಗೂ ಒಂದಿಷ್ಟ್ ಎಣ್ಣೆ ಬುಡ್ಲಾ?" ಎನ್ನುತ್ತಿದ್ದಳು. ಬರುವ ತಿಂಗಳು ಹಾಕಿಸೋಣ ಎಂದು ನಾನು ಎಷ್ಟು ಸಲ ಹೇಳಿದ್ದೇನೋ, ದಿನಚರಿಯಲ್ಲಿ ಬರೆದಿಲ್ಲ. ಅವಳು ಎಣ್ಣೆ ಹಚ್ಚಿದಷ್ಟೂ ಪಟ್ಟಿ ಕೆಡುತ್ತಿತ್ತೆಂದೂ, ಕೆಟ್ಟಷ್ಟೂ ಅವಳು ಇನ್ನಷ್ಟು ಹಚ್ಚುತ್ತಿದ್ದಳೆಂದೂ ತಮ್ಮ ಪತ್ರ ಬರುವವರೆಗೆ ನಮಗಿಬ್ಬರಿಗೂ ಗೊತ್ತಿರಲಿಲ್ಲ. ಎಣ್ಣೆ ಹಚ್ಚಬಾರದೆಂದು ಇಂಗ್ಲಿಷಿನಲ್ಲಿ ಮಾತ್ರ ತಿಳಿಸುವುದು ನಾಗರಿಕ ಪದ್ಧತಿಯಿರಬಹುದು. ತಮ್ಮ ಆಜ್ಞೆಯಂತೆ ಆ ಪದ್ಧತಿ ನಿಂತಿದೆ. ತಮ್ಮ ಪತ್ರಕ್ಕಿಂತ ಒಂದು ವರ್ಷ ಮೊದಲೇ ನಿಂತಿತ್ತು.

ಇಂಥ ಪಟ್ಟಿಯನ್ನು ತಮ್ಮ ಕತ್ತರಿಗೆ ಒಪ್ಪಿಸಲು ಮನಸ್ಸು ಬಾರದೆ, ಅಂಗಡಿಯೊಳಗಿನ ಗೂಟಕ್ಕೆ ನೇತುಹಾಕಿ, ಬೇರೆ ಉಪಾಯಗಳನ್ನು ಯೋಚಿಸಿದೆ. ಅವುಗಳಲ್ಲಿ ಕೆಲವನ್ನು ತಮ್ಮ ಪರಿಶೀಲನೆಗೆ ಅರ್ಪಿಸುತ್ತೇನೆ. ತಾವು ಎರಡು ಬಲಪಟ್ಟಿಗಳನ್ನು ದಯಪಾಲಿಸಿರುವುದರಿಂದ, ಅವಕ್ಕೆ ಹೊಂದುವಂತೆ ಎರಡು ಬಾಗಿಲೂ ಬಲಗಡೆಗೇ ಇರುವ ಒಂದು ಕಾರನ್ನು ಕಳುಹಿಸಿಕೊಡಬಹುದು. ಅದು ಕಷ್ಟವಾದರೆ, ಕಾರ್ತಿಕ ಮುಗಿಯುವವರೆಗೆ ತೆರಕಣಾಂಬಿ ರಸ್ತೆಯಲ್ಲಿ ಮಳೆ ಬಲಗಡೆಯಿಂದಲೇ ಬೀಳುವಂತೆ ತಮಗೆ ಪರಿಚಯವಿರುವ ದೊಡ್ಡವರಿಗೆ ಹೇಳಿಸಬಹುದು. ತಾವೇ ಒಂದು ಟೇಪು ಹಿಡಿದು ಇಲ್ಲಿಗೆ ಬಂದು, ಪಟ್ಟಿಯನ್ನು ಗೂಟದ ಮೇಲೆ ಇದ್ದಂತೆಯೇ ಅಳೆದುಕೊಂಡು ಹೋದರಂತೂ ಬಹಳ ಸಂತೋಷ. ಊಟಕ್ಕೆ ಮುದ್ದೆ, ಅವರೆಕಾಳಿನ ಸಾರು. ಪುಟ್ಟಮಾದುವಿನ ಸಲಹೆ ಎಲ್ಲಕ್ಕಿಂತ ಸರಳವಾಗಿತ್ತು. "ಯಾಕ್ ತಲೆ ಕೆಡಿಸ್ಕತೀರಿ ಯಜಮಾನ್ರೆ, ಇಪ್ಪತ್ತೆರಡ್ ಮೈಲೀನೂ ರಿವರ್ಸಲ್ಲೇ ಬಂದ್ಬುಡನ. ಆಗ ಎಡ ಓಗಿ ಬಲ ಆಯ್ತದೆ" ಎಂದ. ಅದನ್ನು ನಾನು ಕಾಗದದ ಮೇಲೆ ಚಿತ್ರ ಬರೆದು ನೋಡಿದೆನೆಂದು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ.

ಮೊನ್ನೆ ಭಾನುವಾರ ಕರಿಬಸಮ್ಮನೇ ಬಸ್ಸಿನಲ್ಲಿ ಗುಂಡ್ಲುಪೇಟೆಗೆ ಬಂದಳು. ಕೆಲಸ ಎಲ್ಲಿಗೆ ಬಂತೆಂದು ನೋಡಲು ಬಂದವಳು, ಅಂಗಡಿಯೊಳಗೆ ಕಾಲಿಡುತ್ತಲೇ ಗೂಟದ ಮೇಲಿನ ಪಟ್ಟಿಯನ್ನು ಕಂಡು, "ಇದೇನ್ ಭಾವ, ಸತ್ತಾವು ನೇತಾಕ್ದಂಗೆ?" ಎಂದಳು. ಪುಟ್ಟಮಾದು ಒತ್ತಿನಲ್ಲೇ ಇದ್ದ, ಸಂಗತಿಯನ್ನೆಲ್ಲ ಅವನೇ ಹೇಳಿಬಿಟ್ಟ. ಅವಳು ಪಟ್ಟಿಯನ್ನು ಇಳಿಸಿಕೊಂಡು ಮೂಟೆಯ ಮೇಲೆ ಕುಳಿತಳು. ಒಂದು ಗುರುತಿನಲ್ಲಿ ತನ್ನ ಹೆಬ್ಬೆರಳು ಇಟ್ಟಳು, ಹಿಡಿಸಲಿಲ್ಲ. ಇನ್ನೊಂದರಲ್ಲಿ ಇಟ್ಟಳು. "ಅಕ್ಕನ ಕೈ ಸಣ್ಣದು" ಎಂದಳು. ಅರಿಸಿನ ತೂಗಿಸಲು ಬಂದಿದ್ದವರು ಹೊರಗೇ ನಿಂತರು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು, ಎಂದಿನ ಗಂಟಲಿಗೆ ಬಂದಳು. "ಅವ್ಳು ಇದ್ನ ಒತ್ತಿದ್ದು ನೀರ್ ಒಳಕ್ಕೆ ಬರ್ದೇ ಇರ್ಲಿ ಅಂತ ಕಣ್ ಭಾವ, ನೀವ್ ಗೂಟಕ್ಕೆ ಆಕ್ಕಂಡು ನೋಡ್ಲಿ ಅಂತ ಅಲ್ಲ. ಮೊಮ್ಮಗ್ಳು ಅಲ್ಲಿ ಗಾಳೀಗ್ ಎದರ್ಕಂಡು ಕುಂತದೆ, ನೀವಿಲ್ಲಿ ರಬ್ಬರ್ ಕಾಯ್ತಾ ಕುಂತಿದೀರಿ. ಅವ್ಳಿದ್ದಿದ್ರೆ ನಿಮ್ಗೆ ಏನ್ ಅಂದಿರೋಳು ಅಂತ ನಾನ್ ಏಳ್ಬೇಕಾ?" ಎಂದಳು. ಅವಳು ಹೇಳಬೇಕಾಗಿರಲಿಲ್ಲ. ನನಗೆ ಚೆನ್ನಾಗಿ ಕೇಳಿಸಿತು.

ಆದ್ದರಿಂದ ಮಾನ್ಯರೇ, ಈ ಪತ್ರದ ಜೊತೆಗೆ ಎಡಬಾಗಿಲಿನ ಹಳೆಯ ಪಟ್ಟಿಯನ್ನು, ತಾವು ಅಪ್ಪಣೆ ಮಾಡಿದಂತೆ ತುಂಡು ಮಾಡದೆ, ಇಡಿಯಾಗಿ ಪಾರ್ಸೆಲು ಮಾಡಿದ್ದೇನೆ. ಕರಿಬಸಮ್ಮನೇ ಅದನ್ನು ಅರಿಸಿನದ ಚೀಲದ ಬಟ್ಟೆಯಲ್ಲಿ ಸುತ್ತಿ ಹೊಲಿದಿದ್ದಾಳೆ. ಬಿಚ್ಚುವಾಗ ತಮ್ಮ ಮೇಜು ಹಳದಿಯಾದರೆ ಶುಭವೆಂದು ತಿಳಿಯಬೇಕು. ಎಲ್ಲಿ ಬೇಕಾದರೂ ಕತ್ತರಿಸಿಕೊಳ್ಳಿ, ಹಿಂದಕ್ಕೆ ಕೇಳುವುದಿಲ್ಲ. ಒಂದೇ ಒಂದು ವಿನಂತಿ. ಅಂಚಿನಲ್ಲಿ ಹತ್ತೊಂಬತ್ತು ಕಡೆ ತಗ್ಗುಗಳು ಕಾಣುತ್ತವೆ. ಅವು ಕಾರು ಮಾಡಿದವರು ಇಟ್ಟವಲ್ಲವೆಂದು ತಮ್ಮ ಅಚ್ಚಿನವರಿಗೆ ದಯವಿಟ್ಟು ತಿಳಿಸಬೇಕು. ಹೊಸ ಪಟ್ಟಿ ಉದ್ದಕ್ಕೂ ನುಣ್ಣಗಿರಲಿ, ಗಟ್ಟಿಯಾಗಿರಲಿ. ಅದರ ಕೆಳಗೆ ಕುಳಿತು ಬರುವವಳಿಗೆ ಮೂರು ತಿಂಗಳು. ಅದನ್ನು ಒತ್ತಿ ಹಿಡಿಯುವ ಕೆಲಸ ಅವಳ ಪಾಲಿಗೆ ಬರುವುದು ಬೇಡ.

ಎಡಕ್ಕೂ ಬಲಕ್ಕೂ ವ್ಯತ್ಯಾಸವಿದೆಯೆಂದು ಈಗಲೂ ನಂಬಿರುವ,
ತಮ್ಮ ವಿಶ್ವಾಸಿ,
ಶಂಭುಲಿಂಗಪ್ಪ

ವಿ.ಸೂ.: ಪತ್ರವನ್ನು ಓದಿಸಿ ಕೇಳಿದ ಕರಿಬಸಮ್ಮ ಒಂದು ಸಾಲು ಸೇರಿಸಲು ಹೇಳಿದ್ದಾಳೆ. ಈ ಸಲವೂ ಬಲಗಡೆಯದೇ ಬಂದರೆ, ಅವಳು ಬಾಣಂತಿಯನ್ನೂ ಕೂಸನ್ನೂ ಕರೆದುಕೊಂಡು ರೈಲಿನಲ್ಲಿ ನೇರವಾಗಿ ತಮ್ಮ ಕಚೇರಿಗೇ ಬರುತ್ತಾಳಂತೆ. ಗಾಳಿಯಾಡದ ಒಂದು ಕೋಣೆ, ದಿನಕ್ಕೆರಡು ಹಂಡೆ ಬಿಸಿನೀರು, ಸಾಂಬ್ರಾಣಿ ಹೊಗೆಗೆ ಕೆಂಡ ಸಿದ್ಧವಾಗಿರಬೇಕಂತೆ, ತೊಟ್ಟಿಲನ್ನು ತಮ್ಮ ಮೇಜಿನ ನೇರಕ್ಕೆ ತೊಲೆಗೆ ಕಟ್ಟುತ್ತಾಳಂತೆ. ಹೆದರಿಸುವುದಕ್ಕೆ ಬರೆಯುತ್ತಿಲ್ಲ. ರೈಲಿನ ಹೊತ್ತುಗಳನ್ನು ಅವಳು ಆಗಲೇ ವಿಚಾರಿಸಿಕೊಂಡು ಹೋಗಿದ್ದಾಳೆ.